ಹಳೆಯದನ್ನು ಕೊಂಡರೆ ಪರಿಗ್ರಹವಲ್ಲವೇ?

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳು ಪರಿಗ್ರಹವನ್ನು ಸಂಪೂರ್ಣವಾಗಿ ತ್ಯಜಿಸಿದರೆ, ಸಂಸಾರಸ್ಥನು ಅದಕ್ಕೊಂದು ಮಿತಿ ಹಾಕಿಕೊಳ್ಳುತ್ತಾನೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯಗಳ ಜೊತೆಗೆ ಬಟ್ಟೆಬರೆ, ಪಾತ್ರೆಪದಾರ್ಥಗಳಿಗೂ ಆತ ಒಂದು ಲೆಕ್ಕವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕೈಗಡಿಯಾರ, ರೇಡಿಯೊ, ಮೊಬೈಲ್ ಫೋನುಗಳು ಇಂದು ಈ ಕೊನೆಯ ಗುಂಪಿಗೆ ಸೇರುತ್ತವೆ. ಹಳೆಯ, ಸರಳ ಯಂತ್ರಗಳನ್ನೂ ಒಬ್ಬರು ಬಳಸಿ ಬಿಟ್ಟ ವಸ್ತುಗಳನ್ನೂ ಅರಸಿ ಕೊಳ್ಳುವ ಒಲವು ಈಗ ಅನೇಕರಲ್ಲಿ ಕಾಣುತ್ತಿದೆ. ಇದು ಅಪರಿಗ್ರಹದ ಹಾದಿಯೇ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಂಥ ತೆಂಗಿನ ಸೀಮೆಗೆ ಇದು ಹೊಸ ಪಾಠವಲ್ಲ. ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ, ನಾರು ಹಗ್ಗಕ್ಕೆ, ಕರಟ ಒಲೆಗೆ ಎಂಬುದು ಇಲ್ಲಿನ ಬಾಳಿನ ರೀತಿ. ಅಜ್ಜಿಯ ಈಳಿಗೆ ಮಣೆ ಮೊಮ್ಮಗಳ ಕೈಗೆ ಬರುತ್ತದೆ. ಅಲಗು ಸವೆದರೆ ಬೇರೆ ಅಲಗು ಕೂಡಿಸುತ್ತಾರೆ. ಮಣೆ ಹಾಗೆಯೇ ಉಳಿಯುತ್ತದೆ.

ಹೀಗೆ ಬಾಳಿಕೆ ಬರುವ ಯಂತ್ರಗಳಲ್ಲಿ ಎಚ್‌ಎಂಟಿ ಕೈಗಡಿಯಾರವೂ ಒಂದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಉದ್ಯಮದ ಒಂದು ಕಾರ್ಖಾನೆ ತುಮಕೂರಿನಲ್ಲಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಆ ಜಾಗ ಇಸ್ರೊ ಸಂಸ್ಥೆಯ ಪಾಲಾಯಿತು. ಆದರೆ ‘ಜನತಾ’ದಂಥ ಗಡಿಯಾರಗಳು ಇಂದಿಗೂ ನಡೆಯುತ್ತಿವೆ. ಅವಕ್ಕೆ ಬ್ಯಾಟರಿ ಬೇಡ, ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ನಿಂತರೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸಬಹುದು. ಗಂಟೆ ತೋರಿಸುವುದರ ಹೊರತು ಬೇರೆ ಯಾವ ಆಮಿಷವನ್ನೂ ಅವು ಒಡ್ಡುವುದಿಲ್ಲ.

ಇಂಥ ವಸ್ತುವಿನ ಮರುಬಳಕೆಗೆ ಜೈನ ದೃಷ್ಟಿಯಲ್ಲಿ ಗಟ್ಟಿಯಾದ ಆಧಾರವಿದೆ. ಭೋಗಭೂಮಿಯ ಕಾಲದಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಉಡುಪು, ಆಹಾರ, ದೀಪ, ಪಾತ್ರೆಗಳನ್ನು ಬೇಡಿದಂತೆ ನೀಡುತ್ತಿದ್ದವೆಂದು ಪುರಾಣಗಳು ಹೇಳುತ್ತವೆ. ಅವು ಕ್ಷೀಣಿಸಿದ ಮೇಲೆ ಆದಿತೀರ್ಥಂಕರ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಬೋಧಿಸಿದನು. ಅಂದಿನಿಂದ ಪ್ರತಿ ವಸ್ತುವೂ ಶ್ರಮದಿಂದಲೇ ಆಗಬೇಕು. ಪ್ರತಿ ತಯಾರಿಕೆಯಲ್ಲೂ ಭೂಮಿ, ನೀರು, ಅಗ್ನಿ, ಗಾಳಿ, ಸಸ್ಯಗಳನ್ನು ದೇಹವಾಗಿ ಉಳ್ಳ ಏಕೇಂದ್ರಿಯ ಜೀವಿಗಳಿಗೆ ಬಾಧೆ ತಪ್ಪದು. ಇದನ್ನೇ ಆರಂಭ ಹಿಂಸೆ ಎನ್ನುತ್ತಾರೆ. ಸ್ವತಃ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರೂ ಕರ್ಮಬಂಧಕ್ಕೆ ಕಾರಣವಾದ್ದರಿಂದ ಕೊಳ್ಳುವವನಿಗೂ ಅದರಲ್ಲಿ ಪಾಲುಂಟು.

ಚಿಕ್ಕನಾಯಕನಹಳ್ಳಿ ಸೀಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಲ್ಲೂಕಿನ ಗುಡ್ಡಗಳನ್ನು ಅದಿರಿಗಾಗಿ ಅಗೆದದ್ದನ್ನು ಅವರು ಕಣ್ಣಾರೆ ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬಳಿಕ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಇರುವ ಒಂದು ವಸ್ತು ಇನ್ನೂ ಹತ್ತು ವರ್ಷ ಬಾಳಿದರೆ ಗುಡ್ಡದ ಮೇಲಿನ ಒಂದು ಪೆಟ್ಟು ಅಷ್ಟರಮಟ್ಟಿಗೆ ತಪ್ಪಿದಂತೆ.

ಆದರೂ ಹಳೆಯದೆಂಬ ಮಾತ್ರಕ್ಕೆ ವಸ್ತು ನಿರ್ದೋಷವಾಗದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮೂರ್ಛೆ, ಅಂದರೆ ‘ನನ್ನದು’ ಎಂಬ ಮೋಹ, ಎಂದು ನಿರೂಪಿಸಿದ್ದಾರೆ. ಒಂದು ಹಳೆಯ ಗಡಿಯಾರ ಕೊಂಡವನಿಗೆ ಇನ್ನೊಂದು ಬಣ್ಣದ್ದು ಬೇಕೆನಿಸುತ್ತದೆ. ಬೆಲೆ ಅಗ್ಗವೆಂಬುದೇ ನೆಪವಾಗಿ ಪೆಟ್ಟಿಗೆ ತುಂಬುತ್ತದೆ. ಅಲ್ಲಿ ಸರಳತೆ ಗಡಿಯಾರದಲ್ಲಿದೆ, ಕೊಂಡವನಲ್ಲಿಲ್ಲ.

ಅಚೌರ್ಯ ವ್ರತದ ಎಚ್ಚರವೂ ಇಲ್ಲಿ ಅಗತ್ಯ. ಕದ್ದು ತಂದ ಮಾಲನ್ನು ಕೊಳ್ಳುವುದು, ಅಸಲಿಯೊಡನೆ ನಕಲಿ ಬೆರೆಸಿ ಮಾರುವುದು ಇವೆರಡನ್ನೂ ಅದೇ ಗ್ರಂಥ ಆ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಬೆಂಗಳೂರಿನ ಚಿಕ್ಕಪೇಟೆ ಬಳಿಯ ಭಾನುವಾರದ ಸಂತೆಗೆ ‘ಚೋರ್ ಬಜಾರ್’ ಎಂಬ ಹೆಸರೇ ಅಂಟಿಕೊಂಡಿದೆ. ಹಳೆಯ ಗಡಿಯಾರದ ಮುಖಕ್ಕೆ ಹೊಸ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಜೋಡಿಸಿ ಅಸಲಿ ಎಂದು ಮಾರುವುದೂ ಉಂಟು. ವಸ್ತು ಎಲ್ಲಿಂದ ಬಂತೆಂದು ವಿಚಾರಿಸದೆ ಅಗ್ಗಕ್ಕೆ ಕೊಳ್ಳುವ ಶ್ರಾವಕನು ಒಂದು ವ್ರತವನ್ನು ಕಾಯಲು ಹೋಗಿ ಇನ್ನೊಂದನ್ನು ಕೆಡಿಸಿಕೊಂಡಾನು.

ಬಳಸಿದ ವಸ್ತು ಕೈಯಿಂದ ಕೈಗೆ ದಾಟುವ ಅತ್ಯಂತ ಶುದ್ಧವಾದ ಕ್ರಮ ದಿಗಂಬರ ಪರಂಪರೆಯಲ್ಲೇ ಇದೆ. ತುಮಕೂರು ಸಮೀಪದ ಮಂದಾರಗಿರಿಗೆ ಹೋದವರು ಅಲ್ಲಿನ ಪಿಂಛಿಯ ಆಕಾರದ ಗುರುಮಂದಿರವನ್ನು ಕಂಡಿರುತ್ತಾರೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ಪಿಂಛಿಯೇ ಮುನಿಗಳ ಸಂಯಮೋಪಕರಣ. ಕುಳಿತುಕೊಳ್ಳುವ ಮುನ್ನ, ಏನನ್ನಾದರೂ ಎತ್ತಿಡುವ ಮುನ್ನ ಕಿರುಜೀವಿಗಳನ್ನು ನೋಯಿಸದೆ ಸರಿಸಲು ಅದು ಬೇಕು. ಚಾತುರ್ಮಾಸ್ಯದ ಕೊನೆಯಲ್ಲಿ ಪಿಂಛಿ ಪರಿವರ್ತನೆ ನಡೆಯುತ್ತದೆ. ಮುನಿಗಳು ಹೊಸ ಪಿಂಛಿಯನ್ನು ಸ್ವೀಕರಿಸಿ, ವರ್ಷವಿಡೀ ಬಳಸಿ ಗರಿ ಸವೆದ ಪಿಂಛಿಯನ್ನು ಶ್ರಾವಕರಿಗೆ ಅನುಗ್ರಹಿಸುತ್ತಾರೆ. ಬ್ರಹ್ಮಚರ್ಯವೋ ಮತ್ತಾವುದೋ ಸಂಯಮದ ನಿಯಮವನ್ನು ಸ್ವೀಕರಿಸಿದವರಿಗೆ ಅದು ದೊರೆಯುತ್ತದೆ. ಆ ಹಳೆಯ ವಸ್ತುವಿಗೆ ತೆರುವ ಬೆಲೆ ತ್ಯಾಗ.

ಗೃಹಸ್ಥರು ಇದರ ಒಂದಂಶವನ್ನಾದರೂ ಮನೆಗೆ ತರಬಹುದು. ಮನೆಯಲ್ಲಿ ಎಷ್ಟು ಗಡಿಯಾರ, ಎಷ್ಟು ಫೋನು, ಎಷ್ಟು ಜೊತೆ ಬಟ್ಟೆ ಎಂಬ ಪರಿಮಾಣವನ್ನು ಪೇಟೆಗೆ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಳೆಯದೊಂದು ಒಳಗೆ ಬಂದರೆ ಇನ್ನೊಂದು ಅಗತ್ಯವಿರುವವರಿಗೆ ದಾನವಾಗಿ ಹೋಗಬೇಕು.

ಕಲ್ಪತರು ನಾಡಿನವರು ಉಂಡೆ ಕೊಬ್ಬರಿಯನ್ನು ಬಲ್ಲರು. ಹಸಿ ಕಾಯಿಯಲ್ಲಿ ತಿರುಳು ಕರಟಕ್ಕೆ ಕಚ್ಚಿಕೊಂಡಿರುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದಾಗ ಅದು ಕರಟದೊಳಗೇ ಇದ್ದು ಕರಟವನ್ನು ಬಿಟ್ಟಿರುತ್ತದೆ. ಅಲುಗಿಸಿದರೆ ಗಡಗಡ ಸದ್ದು ಕೇಳುತ್ತದೆ. ವಸ್ತುಗಳ ನಡುವೆ ಬಾಳುವ ಶ್ರಾವಕನು ಸಾಧಿಸಬೇಕಾದ ಅಪರಿಗ್ರಹ ಅಂಥದು.