ಗಣಿ ಮುಚ್ಚಿದ್ದು ಚಿನ್ನ ಮುಗಿದಿದ್ದಕ್ಕಲ್ಲ

ಕೋಲಾರದ ಕೆಜಿಎಫ್‌ ಗಣಿಯಲ್ಲಿ ಚಿನ್ನವೆಲ್ಲ ಮುಗಿದುಹೋಯಿತು, ಅದಕ್ಕೇ ಗಣಿ ಮುಚ್ಚಿದರು ಎಂದು ನಂಬಿದವರು ಬಹಳ. ಅದು ತಪ್ಪು. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗಲೂ ಬಂಡೆಯೊಳಗೆ ಚಿನ್ನವಿತ್ತು. ಆದರೆ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒಂದು ಟನ್ ಕಲ್ಲನ್ನು ಒಡೆದು, ಮೇಲೆತ್ತಿ, ಪುಡಿಮಾಡಿದರೆ ಕೈಗೆ ಬರುತ್ತಿದ್ದದ್ದು ಕೆಲವೇ ಗ್ರಾಂ. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತದೆ. ತಂಪು ಗಾಳಿ ಕಳಿಸಬೇಕು, ಸುರಂಗಕ್ಕೆ ಇಳಿಯುವ ನೀರನ್ನು ಎತ್ತಿ ಹಾಕಬೇಕು, ಒತ್ತಡಕ್ಕೆ ಬಂಡೆ ಸಿಡಿಯದಂತೆ ಕಾಯಬೇಕು. ಕೊನೆಗೆ ಮಾರಿ ಬರುವ ಹಣಕ್ಕಿಂತ ತೆಗೆಯುವ ಖರ್ಚೇ ಹೆಚ್ಚಾಯಿತು.

ಯಾವುದು ಅದಿರು, ಯಾವುದು ಬರೀ ಕಲ್ಲು ಎಂಬುದನ್ನು ಪೇಟೆಯ ಧಾರಣೆಯೂ ನಿರ್ಧರಿಸುತ್ತದೆ. ಅಂದು ಚಿನ್ನ ತೆಗೆದು ಸುರಿದ ಪುಡಿ ಇಂದು ಸೈನೈಡ್ ದಿಬ್ಬಗಳಾಗಿ ನಿಂತಿದೆ. ಧಾರಣೆ ಏರಿದ ಮೇಲೆ ಆ ದಿಬ್ಬಗಳಿಂದಲೂ ಚಿನ್ನ ತೆಗೆಯುವ ಮಾತು ನಡೆದಿದೆ. ಇತ್ತ ರಾಯಚೂರಿನ ಹಟ್ಟಿಯಲ್ಲಿ ಚಿನ್ನದ ಗಣಿ ಈಗಲೂ ನಡೆಯುತ್ತಿದೆ. ತಲೆಮಾರುಗಟ್ಟಲೆ ಪಾತಾಳಕ್ಕಿಳಿದು ದುಡಿದವರ ಊರಾದ ಕೆಜಿಎಫ್‌ ಲೆಕ್ಕದ ಪುಸ್ತಕದಲ್ಲಿ ಸೋತಿತೇ ಹೊರತು ನೆಲದಲ್ಲಿ ಅಲ್ಲ. ಇದನ್ನು ಸರಿಯಾಗಿ ಹೇಳುವುದು ಅವರಿಗೆ ಸಲ್ಲಬೇಕಾದ ನ್ಯಾಯ ಎಂದು ನನಗನ್ನಿಸುತ್ತದೆ.

ಚಿನ್ನದ ಬೆಲೆ ಇಳಿಯುವುದೇ ಇಲ್ಲ ಎಂಬ ನಂಬಿಕೆಗೂ ಕೆಜಿಎಫ್‌ ಕಥೆಯೇ ಉತ್ತರ. 1980ರ ಜನವರಿಯಲ್ಲಿ ಒಂದು ಔನ್ಸ್ ಚಿನ್ನ 850 ಡಾಲರ್ ಮುಟ್ಟಿತ್ತು. 1999ರ ಹೊತ್ತಿಗೆ ಅದು 250 ಡಾಲರ್‌ಗಳ ಆಸುಪಾಸಿಗೆ ಕುಸಿಯಿತು. ಗಣಿಯ ಉಸಿರು ಕಟ್ಟಿದ್ದು ಆ ಕಾಲದಲ್ಲೇ. ನಮ್ಮ ಮನೆಗಳಲ್ಲಿ ಈ ಕುಸಿತ ಅಷ್ಟಾಗಿ ಕಾಣಲಿಲ್ಲ, ಏಕೆಂದರೆ 1980ರಲ್ಲಿ ಎಂಟು ರೂಪಾಯಿಯಷ್ಟಿದ್ದ ಡಾಲರ್ 2001ಕ್ಕೆ ನಲವತ್ತಾರರ ಗಡಿ ದಾಟಿತ್ತು. ರೂಪಾಯಿ ಇಳಿದದ್ದು ಚಿನ್ನ ಏರಿದಂತೆ ತೋರಿತು. ಆ ಇಪ್ಪತ್ತು ವರ್ಷಗಳಲ್ಲಿ ದಿನಬಳಕೆಯ ಬೆಲೆಗಳು ಏರಿದಷ್ಟು ಚಿನ್ನ ಏರಲಿಲ್ಲ. ಹಾಗೆಂದು ಒಡವೆ ಕೂಡಿಟ್ಟ ನಮ್ಮ ತಾಯಂದಿರು ದಡ್ಡರಲ್ಲ. ಮಳೆ ಕೈಕೊಟ್ಟ ವರ್ಷ, ಆಸ್ಪತ್ರೆಗೆ ಓಡಬೇಕಾದ ರಾತ್ರಿ, ಯಾರ ಸಹಿಯನ್ನೂ ಕೇಳದೆ ಅಡವಿಡಬಹುದಾದ ಸ್ವತ್ತು ಅವರ ಪಾಲಿಗೆ ಅದೊಂದೇ ಆಗಿತ್ತು.

ವಿರಳವಾದ್ದರಿಂದ ಚಿನ್ನಕ್ಕೆ ಬೆಲೆ ಎನ್ನುವುದು ಅರ್ಧ ಸತ್ಯ. ರೋಡಿಯಂ, ಇರಿಡಿಯಂ ನೆಲದಲ್ಲಿ ಚಿನ್ನಕ್ಕಿಂತ ಕಡಿಮೆ ಸಿಗುತ್ತವೆ, ಆದರೂ ಅವುಗಳಲ್ಲಿ ಮಾಂಗಲ್ಯ ಮಾಡಿಸಿದವರಿಲ್ಲ. ಚಿನ್ನ ಹೊಳೆಯ ಮರಳಿನಲ್ಲಿ ಹೊಳೆಯುತ್ತಲೇ ಸಿಕ್ಕಿತು, ಕಾಸಿ ಬೇರ್ಪಡಿಸುವ ಮೊದಲೇ ಮನುಷ್ಯನ ಕಣ್ಣಿಗೆ ಬಿತ್ತು. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು, ಬೆಳ್ಳಿಗೆ ಕಪ್ಪು. ಚಿನ್ನಕ್ಕೆ ಯಾವುದೂ ಅಂಟಲಿಲ್ಲ. 1064 ಡಿಗ್ರಿಗೆ ಕರಗುವುದರಿಂದ ಅಕ್ಕಸಾಲಿಗನ ಊದುಗೊಳವೆಗೂ ಬಗ್ಗಿತು. 1768 ಡಿಗ್ರಿ ಬೇಡುವ ಪ್ಲಾಟಿನಂ ಹಾಗೆ ಬಗ್ಗುವುದಲ್ಲ. ಒಂದೇ ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು.

ಈ ಮೆದುತನದಿಂದಲೇ 24 ಕ್ಯಾರೆಟ್ಟಿನ ಅಪರಂಜಿ ಒಡವೆಗೆ ಒಗ್ಗುವುದಿಲ್ಲ. ತಾಮ್ರ, ಬೆಳ್ಳಿ ಬೆರೆಸಿದರೆ ಗಟ್ಟಿಯಾಗುತ್ತದೆ. 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು, ಶೇಕಡಾ 91.6, ಹಾಲ್‌ಮಾರ್ಕ್ ಮುದ್ರೆಯ 916 ಅದೇ. ಬೆರೆತ ಲೋಹ ಬೆವರಿಗೆ ಮಂಕಾಗಬಹುದು. ಆದ್ದರಿಂದ ಸರ ಕಪ್ಪಾಯಿತೆಂದು ಆಚಾರಿಯನ್ನು ಕಳ್ಳನೆನ್ನಬೇಡಿ.

ಕೊಟ್ಟಷ್ಟೂ ಹಣ ಒಡವೆಯಲ್ಲಿದೆ ಎಂಬ ನಂಬಿಕೆಯೇ ಹೆಚ್ಚು ನೋಯಿಸುವುದು. ಮಜೂರಿ, ವೇಸ್ಟೇಜ್, ತೆರಿಗೆ ಕೊಂಡ ದಿನವೇ ಹೋಯಿತು. ಮಾರುವ ದಿನ ಉಳಿಯುವುದು ಚಿನ್ನದ ತೂಕ, ಶುದ್ಧತೆ ಎರಡೇ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅಜ್ಜಿಯ ಕಾಲದ, ಮುದ್ರೆಯಿಲ್ಲದ ಒಡವೆಯಾದರೆ ಮಾರುವ ಮೊದಲು ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಒಯ್ದು ಶುದ್ಧತೆಯನ್ನು ಬರಹದಲ್ಲಿ ಪಡೆಯಿರಿ. ಕೊಳ್ಳುವಾಗಲಂತೂ ಹರಳಿನ ತೂಕ ಬೇರೆ, ಚಿನ್ನದ ತೂಕ ಬೇರೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.