“ವಾಟ್ಸ್‌ಆ್ಯಪ್‌ನಲ್ಲಿ ಆಗುವುದಿಲ್ಲ, ಬೋಟಿಮ್‌ಗೆ ಬಾ”

ರಾತ್ರಿ ಒಂಬತ್ತೂವರೆ. ಅಲ್ಲಿ ದುಬೈಯಲ್ಲಿ ಎಂಟು. ಊಟ ಮುಗಿಸಿದ ಉಮ್ಮ ಪಡಸಾಲೆಯ ಕುರ್ಚಿಯಲ್ಲಿ ಕೂತು ಮೊಬೈಲ್ ಹಿಡಿದಿದ್ದಾರೆ. ವಾಟ್ಸ್‌ಆ್ಯಪ್‌ಗೆ ಮಗನ ಮೆಸೇಜ್ ಬಂತು: “ರೂಮಿಗೆ ಬಂದೆ. ಬೋಟಿಮ್‌ಗೆ ಬಾ ಉಮ್ಮಾ.” ಉಮ್ಮ ಒಂದು ಆ್ಯಪ್ ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಕನ್ನಡಕ ಹುಡುಕಬೇಕು. ಮೊಮ್ಮಗಳನ್ನು ಕರೆಯಬೇಕು. ಅಷ್ಟರಲ್ಲಿ ರಿಂಗ್ ನಿಂತುಹೋಗಿರುತ್ತದೆ.

ಯುಎಇಯಲ್ಲಿ ಗಂಡನೋ ಮಗನೋ ಅಳಿಯನೋ ಇರುವ ಬ್ಯಾರಿ ಮನೆಗಳಿಗೆ ಇದೇನೂ ಹೊಸ ಕಥೆ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹೋಗುತ್ತದೆ, ವಾಯ್ಸ್ ಮೆಸೇಜ್ ಹೋಗುತ್ತದೆ, ಮದುವೆಯ ವೀಡಿಯೊ ಹೋಗುತ್ತದೆ. ಕಾಲ್ ಮಾತ್ರ ಹೋಗುವುದಿಲ್ಲ. “ಅಲ್ಲಿಯ ನೆಟ್ ಸರಿ ಇಲ್ಲ” ಎಂದೇ ನಮ್ಮ ಹಿರಿಯರು ಎಷ್ಟೋ ವರ್ಷ ನಂಬಿದ್ದರು. ಆದರೆ ಮೊಬೈಲ್ ಇಂಟರ್ನೆಟ್ ವೇಗದಲ್ಲಿ ಲೋಕದ ಮುಂಚೂಣಿಯಲ್ಲಿರುವ ದೇಶ ಅದು. ನೆಟ್ ಸರಿಯಾಗಿಯೇ ಉಂಟು. ಕಾಲ್ ಹೋಗಬಾರದು ಎಂದು ಯಾರೋ ನಿರ್ಧರಿಸಿದ್ದಾರೆ, ಅಷ್ಟೆ.

ಆ ನಿರ್ಧಾರ ಯಾರದು, ಯಾಕೆ ಎಂದು ನಾವು ಹೆಚ್ಚು ಕೇಳಿದವರಲ್ಲ. ದೇರಾದ ಒಂದು ಅಂಗಡಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದ ನಾನೂ ಕೇಳಿರಲಿಲ್ಲ. ತಿಂಗಳ ಕೊನೆಗೆ ದುಡ್ಡು ಕಟ್ಟುವುದು, ಮಾತಾಡುವುದು. ಊರಿಗೆ ಮರಳಿದ ಮೇಲೆ ಕೂತು ಓದಲು ಶುರು ಮಾಡಿದಾಗಲೇ ಗೊತ್ತಾಗಿದ್ದು, ಇದು ಬರೀ ಫೋನಿನ ವಿಷಯ ಅಲ್ಲ ಎಂದು.

ಹಿಂದಿನ ಕಾಲದವರಿಗೆ ಕ್ಯಾಸೆಟ್ ನೆನಪಿರಬಹುದು. ಊರಿಗೆ ಹೋಗುವವರ ಕೈಯಲ್ಲಿ ಪತ್ರದ ಜೊತೆ ಒಂದು ಟೇಪ್. ಇಲ್ಲಿ ಮನೆಯವರೆಲ್ಲ ಟೇಪ್ ರೆಕಾರ್ಡರ್ ಸುತ್ತ ಕೂತು ಅದನ್ನು ಕೇಳುವುದು, ಮತ್ತೆ ಅದರ ಮೇಲೆಯೇ ಉತ್ತರ ತುಂಬಿಸಿ ಕಳಿಸುವುದು. ಮಗುವಿನ ಅಳು, ಕೋಳಿ ಕೂಗು, ಅಡುಗೆಮನೆಯ ಪಾತ್ರೆ ಸದ್ದು ಎಲ್ಲ ಅದರೊಳಗೆ. ಹತ್ತಿಪ್ಪತ್ತು ಬಾರಿ ಅದನ್ನೇ ಹಾಕಿ ಕೇಳಿದವರು ಇದ್ದಾರೆ. ಅದನ್ನು ಹೊತ್ತು ತಂದವನು ಹಾದಿಯಲ್ಲಿ ಹಾಕಿ ಕೇಳುತ್ತಿರಲಿಲ್ಲ. ಆಮೇಲೆ ಎಸ್‌ಟಿಡಿ ಬೂತ್, ಪಕ್ಕದ ಮನೆಯ ಲ್ಯಾಂಡ್‌ಲೈನ್, ಕಾಲಿಂಗ್ ಕಾರ್ಡ್. ನಿಮಿಷ ಎಣಿಸಿ ಮಾತಾಡಿದ ಕಾಲ. “ಎಲ್ಲರೂ ಸೌಖ್ಯವಾ?” ಎಂದು ಕೇಳುವಷ್ಟರಲ್ಲಿ ಕಾರ್ಡ್ ಖಾಲಿ.

ಆ ನಿಮಿಷಗಳೇ ಟೆಲಿಕಾಂ ಕಂಪೆನಿಗಳ ಬೆಳೆ. ಯುಎಇಯಲ್ಲಿ ಇರುವವರಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಜನ ಹೊರದೇಶದವರು. ಅಷ್ಟು ಜನ ತಮ್ಮ ಮನೆಗೆ ಫೋನ್ ಮಾಡಲೇಬೇಕು. 1976ರಲ್ಲಿ ಶುರುವಾದ ಎತಿಸಲಾತ್ ಕಂಪೆನಿ ಮೂವತ್ತು ವರ್ಷ ಒಂಟಿಯಾಗಿ ಆ ಗದ್ದೆ ಕೊಯ್ದಿತು. ಆಮೇಲೆ ಡು ಬಂತು. ಎತಿಸಲಾತ್‌ನ ನೂರಕ್ಕೆ 60 ಪಾಲು ಫೆಡರಲ್ ಸರಕಾರದ ಹೂಡಿಕೆ ಸಂಸ್ಥೆಯದ್ದು. ಡುವಿನಲ್ಲೂ ಸರಕಾರಿ ಸಂಸ್ಥೆಗಳ ಪಾಲೇ ದೊಡ್ಡದು. ಯಾವ ಆ್ಯಪ್‌ಗೆ ಅನುಮತಿ, ಯಾವುದಕ್ಕೆ ಇಲ್ಲ ಎಂದು ಹೇಳುವ ನಿಯಂತ್ರಣ ಪ್ರಾಧಿಕಾರವೂ ಸರಕಾರದ್ದೇ. ಅಂಗಡಿಯೂ ಅವರದು, ತೂಕದ ಕಲ್ಲನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರೂ ಅವರ ಮನೆಯವನೇ.

2015ರಲ್ಲಿ ವಾಟ್ಸ್‌ಆ್ಯಪ್ ಧ್ವನಿ ಕರೆ ಶುರು ಮಾಡಿದಾಗ ನಮ್ಮ ರೂಮಿನಲ್ಲಿ ಆದ ಸಂತೋಷ ಹೇಳತೀರದು. ಅದು ಹೆಚ್ಚು ದಿನ ಉಳಿಯಲಿಲ್ಲ. ಇಂಟರ್ನೆಟ್ ಕರೆಯ ಸೇವೆ ಕೊಡಲು ಲೈಸನ್ಸ್ ಇರುವ ಕಂಪೆನಿಗೆ ಮಾತ್ರ ಹಕ್ಕು ಎಂಬುದು ಅಲ್ಲಿಯ ನಿಯಮ. 2017ರ ಕೊನೆಗೆ ಸ್ಕೈಪ್ ಕೂಡ ನಿಂತಿತು. (ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಲೋಕದಲ್ಲೇ ಮುಚ್ಚಿಹೋಯಿತು, ಅದು ಬೇರೆ ಮಾತು.) ಅದಾದ ಕೂಡಲೇ, 2018ರ ಜನವರಿಯಲ್ಲಿ, “ಇಂಟರ್ನೆಟ್ ಕಾಲಿಂಗ್ ಪ್ಯಾಕ್” ಬಂತು. ಬೋಟಿಮ್, ಸಿ-ಮೀ ಎಂಬ ಎರಡು ಆ್ಯಪ್‌ಗಳಲ್ಲಿ ಮಾತಾಡಲು ಮೊಬೈಲಿಗೆ ತಿಂಗಳಿಗೆ 50 ದಿರ್ಹಮ್. ಆಗಿನ ಲೆಕ್ಕದಲ್ಲಿ 850 ರೂಪಾಯಿಗೂ ಹೆಚ್ಚು. ಡಾಟಾದ ದುಡ್ಡು ಬೇರೆ. ವರ್ಷಕ್ಕೆ 600 ದಿರ್ಹಮ್ ಆಯಿತು. 1,200 ದಿರ್ಹಮ್ ಸಂಬಳದವನಿಗೆ ಅದು ಅರ್ಧ ತಿಂಗಳ ದುಡಿಮೆ. ಮಗಳ ಮುಖ ನೋಡಲು ವರ್ಷಕ್ಕೆ ಹದಿನೈದು ದಿನ ದುಡಿಯಬೇಕು ಎಂದರೆ ದೊಡ್ಡ ಕಚೇರಿಯಲ್ಲಿ ಕೂರುವವರಿಗೆ ಇದು ಅರ್ಥವಾಗಲಿಕ್ಕಿಲ್ಲ.

ಭದ್ರತೆಯ ಕಾರಣವನ್ನೂ ಹೇಳುತ್ತಾರೆ. ಅದು ಪೂರ್ತಿ ನೆಪ ಎಂದು ನಾನು ಹೇಳುವುದಿಲ್ಲ. 2010ರಲ್ಲಿ ಬ್ಲ್ಯಾಕ್‌ಬೆರ್ರಿ ಫೋನಿನ ಮೆಸೇಜ್‌ಗಳು ತಮ್ಮ ಕೈಗೆ ಸಿಗದ ಹಾಗೆ ಹೊರದೇಶಕ್ಕೆ ಹೋಗುತ್ತವೆ ಎಂದು ಯುಎಇ ಆ ಸೇವೆಯನ್ನೇ ನಿಲ್ಲಿಸುವ ಗಡುವು ಕೊಟ್ಟಿತ್ತು. ಗಡುವಿಗೆ ಸ್ವಲ್ಪ ಮೊದಲು ಒಪ್ಪಂದವಾಯಿತು. ಅಂದರೆ ವಿಷಯ ದುಡ್ಡಿನದ್ದು ಮಾತ್ರ ಅಲ್ಲ, ಮಾತು ಕೈಗೆ ಸಿಗಬೇಕು ಎಂಬುದೂ ಉಂಟು. ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ಕರೆಗಳ ಮೇಲಿನ ನಿಷೇಧವನ್ನು ಸಡಿಲಿಸಿತು. ಅಲ್ಲೂ ವಾಟ್ಸ್‌ಆ್ಯಪ್ ಕರೆ ಆ ದಿನವೇ ಎಲ್ಲರಿಗೂ ಸಿಗಲಿಲ್ಲ. ಯುಎಇಯಲ್ಲಿ “ಈಗ ತೆಗೆಯುತ್ತಾರಂತೆ” ಎಂಬ ಸುದ್ದಿ 2019ರಿಂದ ಪ್ರತಿ ವರ್ಷ ಒಮ್ಮೆ ಬರುತ್ತದೆ, ಪೆರ್ನಾಳ್‌ನ ಚಂದ್ರ ಕಂಡ ಸುದ್ದಿಯ ಹಾಗೆ. ಚಂದ್ರನಾದರೂ ಒಂದು ದಿನ ಕಾಣುತ್ತದೆ.

ಇನ್ನು ನಾನು ಹೇಳಬೇಕಾದ್ದು 2019ರ ಡಿಸೆಂಬರ್‌ನ ಸಂಗತಿ.

ಆ ವರ್ಷ ಟೊಟೋಕ್ ಎಂಬ ಹೊಸ ಆ್ಯಪ್ ಬಂದಿತ್ತು. ದುಡ್ಡಿಲ್ಲ, ಪ್ಯಾಕ್ ಇಲ್ಲ, ವೀಡಿಯೊ ಕಾಲ್ ಕನ್ನಡಿಯಷ್ಟು ಸ್ಪಷ್ಟ. ರೂಮಿನಲ್ಲಿ ಎಂಟು ಜನ ಇದ್ದೆವು, ಎಂಟೂ ಜನ ಹಾಕಿಕೊಂಡೆವು. ಊರಲ್ಲಿ ಮನೆಯವರ ಫೋನಿಗೂ ಹಾಕಿಸಿದೆವು. ಎಲ್ಲ ಆ್ಯಪ್‌ಗಳನ್ನು ಮುಚ್ಚುವ ದೇಶದಲ್ಲಿ ಇದೊಂದಕ್ಕೆ ಮಾತ್ರ ಯಾಕೆ ಇಷ್ಟು ಸಲೀಸು ಎಂದು ನಮ್ಮಲ್ಲಿ ಒಬ್ಬನೂ ಯೋಚಿಸಲಿಲ್ಲ. ಡಿಸೆಂಬರ್ 19ರಂದು ಗೂಗಲ್ ಅದನ್ನು ತನ್ನ ಪ್ಲೇ ಸ್ಟೋರಿನಿಂದ ತೆಗೆಯಿತು. ಮರುದಿನ ಆ್ಯಪಲ್ ತೆಗೆಯಿತು. 22ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು: ಅದು ಯುಎಇ ಸರಕಾರದ ಬೇಹುಗಾರಿಕೆಯ ಸಾಧನ, ಯಾರು ಯಾರೊಂದಿಗೆ ಮಾತಾಡುತ್ತಾರೆ, ಎಲ್ಲಿ ಇದ್ದಾರೆ ಎಂಬುದನ್ನೆಲ್ಲ ಹಿಂಬಾಲಿಸಲು ಬಳಕೆಯಾಗುತ್ತದೆ ಎಂದು. ಕಂಪೆನಿ ಅದನ್ನು ನಿರಾಕರಿಸಿತು. ಹವಾಮಾನ ತೋರಿಸುತ್ತೇವೆ ಎಂದು ನಮ್ಮ ಜಾಗ ಕೇಳಿತ್ತು, ಗೆಳೆಯರನ್ನು ಹುಡುಕಿ ಕೊಡುತ್ತೇವೆ ಎಂದು ನಂಬರ್‌ಗಳನ್ನೆಲ್ಲ ಕೇಳಿತ್ತು. ನಾವು “ಅಲೋ” ಒತ್ತಿದ್ದೆವು. ಕದಿಯುವ ಅಗತ್ಯವೇ ಇರಲಿಲ್ಲ, ನಾವೇ ಕೊಟ್ಟಿದ್ದೆವು.

ಆ 19ನೇ ತಾರೀಕು ಮಂಗಳೂರಿಗೆ ಬೇರೆಯೇ ದಿನ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯಂದು ಬಂದರ್ ಕಡೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕರ್ಫ್ಯೂ ಬಂತು. ರಾತ್ರಿ ಹತ್ತು ಗಂಟೆಗೆ ಮೊಬೈಲ್ ಇಂಟರ್ನೆಟ್ ನಿಂತಿತು, 48 ಗಂಟೆಗಳಿಗೆ.

ದೇರಾದ ನಮ್ಮ ರೂಮಿನಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಮನೆಗೆ ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್. ಎರಡನೆಯದು ಬರುವುದೇ ಇಲ್ಲ. ಫರಂಗಿಪೇಟೆ ಕಡೆಯ ಒಬ್ಬ ಹುಡುಗನ ತಮ್ಮ ಬಂದರಿನಲ್ಲಿ ಕೆಲಸಕ್ಕಿದ್ದ. ಹುಡುಗ ಫೋನ್ ಕೈಯಿಂದ ಕೆಳಗಿಡಲಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನಿಂದ, ಕೇರಳದಿಂದ, ಕತರ್‌ನಿಂದ ಗ್ರೂಪ್‌ಗಳಿಗೆ ಸುದ್ದಿ ಬರುತ್ತಲೇ ಇತ್ತು. ಒಬ್ಬ ಐದು ಜನ ಅಂದ, ಇನ್ನೊಬ್ಬ ಏಳು ಅಂದ. ಯಾವುದೋ ಊರಿನ ಹಳೇ ವೀಡಿಯೊ ಹಾಕಿ “ಈಗಷ್ಟೇ ಬಂದದ್ದು” ಅಂದ ಮತ್ತೊಬ್ಬ. ವದಂತಿ ತಡೆಯಲು ಇಂಟರ್ನೆಟ್ ನಿಲ್ಲಿಸಿದ್ದು ಎಂದು ಸರಕಾರ ಹೇಳಿತ್ತು. ವದಂತಿಗಳೆಲ್ಲ ಹೊರಗೆ ಆರಾಮವಾಗಿ ಓಡಾಡಿದವು. “ಅದು ಸುಳ್ಳು, ನಾನು ಇಲ್ಲೇ ಇದ್ದೇನೆ, ಸೌಖ್ಯ” ಎಂದು ಹೇಳಬಹುದಾಗಿದ್ದವರಿಗೆ ಮಾತ್ರ ಹೇಳುವ ದಾರಿ ಇರಲಿಲ್ಲ. ಸಾಮಾನ್ಯ ಕಾಲ್‌ಗೆ ದುಡ್ಡು ಹಾಕಿ ಹಾಕಿ ರಾತ್ರಿ ಒಂದು ಗಂಟೆಗೆ ಲೈನ್ ಸಿಕ್ಕಿತು. ತಮ್ಮ ಕುದ್ರೋಳಿಯಲ್ಲಿ ಗೆಳೆಯನ ಮನೆಯಲ್ಲಿದ್ದ. ಹುಡುಗ ಫೋನಿನಲ್ಲಿ ಏನೂ ಹೇಳಲಿಲ್ಲ, ಬೈದ. ಅಷ್ಟೂ ಹೊತ್ತಿನ ಹೆದರಿಕೆಯೆಲ್ಲ ಬೈಗುಳವಾಗಿ ಬಂತು.

ಆಮೇಲೆ ನನಗೆ ಅನಿಸಿದ್ದು ಇಷ್ಟು. ಅಲ್ಲಿಯ ನಿಯಮದಿಂದ ನಮಗೆ ಕರೆ ಇಲ್ಲ, ಇಲ್ಲಿಯ ಆದೇಶದಿಂದ ನಮಗೆ ಮೆಸೇಜೂ ಇಲ್ಲ. ನಾವು ಎರಡೂ ಕಡೆಯ ಬಾಗಿಲಿನ ನಡುವೆ ಇರುವವರು.

ಆದರೆ ಎರಡೂ ಒಂದೇ ಎಂದು ಹೇಳಿದರೆ ತಪ್ಪಾಗುತ್ತದೆ. ಇಲ್ಲಿ ಕೇಳಲು ಒಂದು ಜಾಗ ಉಂಟು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಕಂಪೆನಿ ಇಂಟರ್ನೆಟ್ ಕರೆಗೆ ಬೇರೆಯೇ ದರ ಹಾಕುತ್ತೇವೆ ಎಂದು ಹೊರಟಿತ್ತು. ಯುಎಇಯ ಪ್ಯಾಕ್‌ನ ತಮ್ಮನೇ ಅದು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆಯಿತು. ಮರುವರ್ಷ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ಹೇಳಿತು, ಯಾವ ಆ್ಯಪ್ ಬಳಸುತ್ತೀರಿ ಎಂದು ನೋಡಿ ಡಾಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ ಎಂದು. ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ಕೂಡ ಅದರೊಂದಿಗೆ ಮನೆಗೆ ಹೋಯಿತು. ಇವತ್ತು ನಾವು ಇಲ್ಲಿ ಕೂತು ಕುವೈತಿಗೆ, ಬಹರೈನಿಗೆ ಡಾಟಾದ ದುಡ್ಡಲ್ಲೇ ಮುಖ ನೋಡಿ ಮಾತಾಡುತ್ತೇವಲ್ಲ, ಅದರ ಹಿಂದೆ ಆ ಇಮೇಲ್‌ಗಳೂ ಉಂಟು. ಅದರಲ್ಲಿ ನಮ್ಮ ಸಮುದಾಯದ್ದು ಎಷ್ಟಿತ್ತೋ! ಕಾಲ್ ದರದ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ನಮಗೆ, ಬರೆದವರು ಬೇರೆ ಯಾರೋ.

ಇಂಟರ್ನೆಟ್ ನಿಲ್ಲಿಸುವ ವಿಷಯದಲ್ಲೂ ಹಾಗೆಯೇ. ಮಂಗಳೂರಿನ ಆ 48 ಗಂಟೆ ಕಳೆದು ಮೂರು ವಾರದಲ್ಲಿ, 2020ರ ಜನವರಿ 10ರಂದು, ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ಕಾಶ್ಮೀರದ ಪ್ರಕರಣ. ಅಲ್ಲಿ 2019ರ ಆಗಸ್ಟ್‌ನಿಂದ ಇಂಟರ್ನೆಟ್ ಇರಲಿಲ್ಲ, 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ, ವ್ಯಾಪಾರ ಮಾಡುವುದಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು ಎಂದು ಕೋರ್ಟ್ ಹೇಳಿತು. ಆದೇಶ ಪ್ರಕಟವಾದರೆ ತಾನೇ ಅದನ್ನು ಪ್ರಶ್ನಿಸಲು ಆಗುವುದು? ಈಗಿನ ನಿಯಮದಲ್ಲಿ ಒಂದು ಆದೇಶಕ್ಕೆ 15 ದಿನದ ಮಿತಿ ಉಂಟು. ಮುಂದೆ ಎಲ್ಲಾದರೂ ನೆಟ್ ನಿಂತರೆ ಜಮಾಅತ್‌ನ ಒಬ್ಬ ವಕೀಲರಾದರೂ “ಆದೇಶದ ಪ್ರತಿ ಎಲ್ಲಿ?” ಎಂದು ಕೇಳಬಹುದು. ಕೇಳಿದವರನ್ನು ನಾನು ಇದುವರೆಗೆ ನಮ್ಮ ಕಡೆ ಕಂಡಿಲ್ಲ.

ಗಲ್ಫ್‌ನಲ್ಲಿ ಇರುವವರಿಗೆ ಕೇಳುವ ಜಾಗ ಇಲ್ಲ, ಜಾಗ್ರತೆ ಮಾತ್ರ. ಊರಿನವರು ಇದನ್ನು ತಿಳಿದಿರಬೇಕು. “ವಿಪಿಎನ್ ಹಾಕು, ವಾಟ್ಸ್‌ಆ್ಯಪ್ ಕಾಲ್ ಬರ್ತದೆ” ಎಂದು ಮಗನಿಗೆ ಹೇಳಿಕೊಡುವುದು ಸುಲಭ. ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ನೆಟ್ ವಿಳಾಸ ಮರೆಮಾಚಿದರೆ ಯುಎಇಯ ಸೈಬರ್ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮ್‌ನಿಂದ 20 ಲಕ್ಷದವರೆಗೆ. ಕಡಿಮೆಯದ್ದೇ ಒಂದು ಕೋಟಿ ರೂಪಾಯಿ ದಾಟುತ್ತದೆ. ಅದಕ್ಕಿಂತ ಹತ್ತಿರದ ಅಪಾಯ ನಮ್ಮ ಒಳ್ಳೆಯತನದಲ್ಲೇ ಉಂಟು. ಊರಿನ ಬಡ ಹುಡುಗಿಯ ಮದುವೆ, ಯಾರದೋ ಕಿಡ್ನಿ ಚಿಕಿತ್ಸೆ, ಮದ್ರಸದ ಕಟ್ಟಡ ಎಂದು ಗ್ರೂಪಿನಲ್ಲಿ ಬ್ಯಾಂಕ್ ನಂಬರ್ ಹಾಕಿ “ಎಲ್ಲರಿಗೂ ಶೇರ್ ಮಾಡಿ” ಅನ್ನುತ್ತೇವೆ. ಅನುಮತಿ ಇಲ್ಲದೆ ಹಣ ಸಂಗ್ರಹಕ್ಕೆ ಕರೆ ಕೊಡುವುದು ಅಲ್ಲಿ ಅಪರಾಧ, ದಂಡ ಲಕ್ಷಗಟ್ಟಲೆ ದಿರ್ಹಮ್. ಇನ್ನೊಬ್ಬರ ಫೋಟೊ ಕೇಳದೆ ಹಾಕುವುದು, ಮೆಸೇಜಿನಲ್ಲಿ ಬೈಯುವುದು, ನಿಜವೋ ಸುಳ್ಳೋ ನೋಡದೆ ಮುಂದೆ ಕಳಿಸುವುದು, ಇವಕ್ಕೂ ಅಲ್ಲಿ ಕೇಸ್ ಆಗುತ್ತದೆ. ದುಬೈಯಲ್ಲಿರುವ ಗ್ರೂಪ್ ಅಡ್ಮಿನ್ ನಮ್ಮ ಮನೆಯ ಹುಡುಗನೇ ಆಗಿರುತ್ತಾನೆ.

ಸಲಾಂ ಹೇಳದೆ, ಅನುಮತಿ ಇಲ್ಲದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದು ಎಂಬ ಸೂರಃ ನೂರ್‌ನ ಪಾಠವನ್ನು ಮದ್ರಸದಲ್ಲಿ ಕಲಿತವರು ನಾವು. ಹೊರಗಿನವರು ಬಂದರೆ ಹೆಂಗಸರು ಒಳಗೆ ಸರಿಯುವ ಮನೆಗಳು ನಮ್ಮವು. ಅದೇ ಮನೆಯ ಅಡುಗೆಕೋಣೆಯವರೆಗೆ ಕ್ಯಾಮರಾ, ಮೈಕ್, ಫೋಟೊ ಎಲ್ಲದಕ್ಕೂ ಅನುಮತಿ ಪಡೆದು ಒಂದು ಆ್ಯಪ್ ಬಂದು ಕೂತಿದೆ. ಅದರ ಯಜಮಾನ ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಉಮ್ಮನ ಫೋನಿನ ಸೆಟ್ಟಿಂಗ್ ತೆರೆದು, ಯಾವ ಆ್ಯಪ್‌ಗೆ ಏನೇನು ಕೊಟ್ಟಿದ್ದೇವೆ ಎಂದು ನೋಡಲು ಮೊಮ್ಮಗಳಿಗೆ ಐದು ನಿಮಿಷ ಸಾಕು.

ಈಗ ಇನ್ನೊಂದು ಬಂದಿದೆ. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿತು: ಯಾವ ನಂಬರಿನಲ್ಲಿ ವಾಟ್ಸ್‌ಆ್ಯಪ್ ಮಾಡಿದ್ದೀರೋ ಆ ಸಿಮ್ ಅದೇ ಫೋನಿನೊಳಗೆ ಇರಬೇಕು, ಇಲ್ಲದಿದ್ದರೆ ನಡೆಯಬಾರದು. ಕಂಪೆನಿಗಳಿಗೆ ಆಗ 90 ದಿನ ಸಮಯ ಕೊಟ್ಟಿತ್ತು. ಹೊರದೇಶದಲ್ಲಿ ಕೂತು ಭಾರತದ ನಂಬರಿನಿಂದ ಮೋಸ ಮಾಡುವವರನ್ನು ಹಿಡಿಯಲು ಎಂಬುದು ಕಾರಣ. ಆ ಮೋಸದಲ್ಲಿ ದುಡ್ಡು ಕಳಕೊಂಡವರು ನಮ್ಮಲ್ಲೂ ಇದ್ದಾರೆ, ಹಾಗಾಗಿ ಕಾರಣ ಸುಳ್ಳಲ್ಲ. ಆದರೆ ಗಲ್ಫ್‌ನಲ್ಲಿರುವ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಎಷ್ಟೋ ಜನರದ್ದು ಊರಿನ ನಂಬರಿನಲ್ಲೇ. ಸಿಮ್ ಮಾತ್ರ ಊರಲ್ಲಿ, ಕಪಾಟಿನ ಡಬ್ಬಿಯಲ್ಲಿ, ಪಾಸ್‌ಪೋರ್ಟಿನ ಹಳೇ ಫೋಟೊಗಳ ಜೊತೆ.

ಮೊನ್ನೆ ನೆರೆಮನೆಯ ಉಮ್ಮನಿಗೆ ಇದನ್ನು ವಿವರಿಸಿ ಹೇಳಿದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಒಳಗೆ ಹೋಗಿ ಡಬ್ಬಿ ತಂದರು. ಮಗನ ಸಿಮ್ ಅಂಗೈಯಲ್ಲಿಟ್ಟು ನೋಡಿದರು. “ಇದನ್ನು ನಾಳೆ ಹೋಗುವ ಹುಡುಗನ ಕೈಯಲ್ಲಿ ಕಳಿಸಿದರೆ ಆಗುತ್ತದಾ?” ಎಂದು ಕೇಳಿದರು. ಆಗುತ್ತದೆ, ಕಳಿಸಿ, ರಿಚಾರ್ಜ್ ಮಾತ್ರ ಬಿಡಬೇಡಿ ಎಂದೆ. ಅವರು ಅದನ್ನು ಕಾಗದದಲ್ಲಿ ಸುತ್ತಿ, ಆ ಕಾಗದದ ಮೇಲೆ ಮಗನ ಹೆಸರು ಬರೆಯಲು ಮೊಮ್ಮಗಳಿಗೆ ಹೇಳಿದರು.