ಪ್ರಶಸ್ತಿಯ ಲೆಕ್ಕದಲ್ಲಿ ಕೊಳಚೆ ನೀರು

ಸಾಂಗ್ಲಿ-ಮಿರಜದವರಿಗೆ ಶೇರಿ ನಾಲಾ ಹೊಸ ಹೆಸರಲ್ಲ. ಸಾಂಗ್ಲಿಯ ಕೊಳಚೆ ಹೊತ್ತು ಕೃಷ್ಣೆ ಸೇರುವ ನಾಲಾ ಅದು. ಅದೇ ಹೊಳೆ ಮುಂದೆ ಬೆಳಗಾವಿ ಜಿಲ್ಲೆಗೆ ಬರ್ತದೆ. ಆ ಕೊಳಚೆಯನ್ನು ಧುಳಗಾಂವಕ್ಕೆ ಪಂಪ್ ಮಾಡಿ, ಶುದ್ಧೀಕರಿಸಿ, ಹೊಲಗಳಿಗೆ ಕೊಡೋ ಯೋಜನೆಯೂ ನಿಮಗೆ ಗೊತ್ತು. ಇಂಥ ಕೆಲಸಕ್ಕೆ ಮನ್ನಣೆ ಕೊಡುವಾಗ ಏನನ್ನು ಅಳೀತಾರೆ ಅನ್ನೋದು ಇವತ್ತಿನ ಪ್ರಶ್ನೆ.

ಮೈಸೂರನ್ನೇ ತಗೊಳ್ಳಿ. 2010ರಲ್ಲಿ ಕೇಂದ್ರ ಸರ್ಕಾರ 423 ನಗರಗಳ ನೈರ್ಮಲ್ಯ ರೇಟಿಂಗ್ ಪ್ರಕಟಿಸಿತು. ಚಂಡೀಗಢ ಮೊದಲು, ಮೈಸೂರು ಎರಡನೇದು. 100 ಅಂಕಗಳಲ್ಲಿ 50 ಶೌಚಾಲಯ, ಒಳಚರಂಡಿ, ಶುದ್ಧೀಕರಣದಂಥ ಕೆಲಸಕ್ಕೆ. 30 ಅದನ್ನು ನಡೆಸೋ ವ್ಯವಸ್ಥೆಗೆ. 20 ಫಲಿತಾಂಶಕ್ಕೆ, ಅಂದ್ರೆ ಕುಡಿಯೋ ನೀರು, ಕೆರೆ-ಹೊಳೆಗಳ ಗುಣಮಟ್ಟ, ನೀರಿನಿಂದ ಬರೋ ರೋಗಗಳಿಗೆ. 90 ದಾಟಿದ್ರೆ ಹಸಿರು ಬಣ್ಣ. ಒಂದು ಊರಿಗೂ ಅದು ಸಿಗಲಿಲ್ಲ. (ನನಗಂತೂ ಅದಕ್ಕೇ ಈ ರೇಟಿಂಗ್ ಮೇಲೆ ನಂಬಿಕೆ ಜಾಸ್ತಿ.)

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರೇ ಪ್ರಥಮ. ಆದ್ರೆ 2000 ಅಂಕಗಳಲ್ಲಿ 1000 ಪಾಲಿಕೆಗಳೇ ಕೊಟ್ಟ ಮಾಹಿತಿಗೆ, ಅದರಲ್ಲಿ ಶೇ. 60 ಘನತ್ಯಾಜ್ಯಕ್ಕೆ, ಶೇ. 30 ಶೌಚಾಲಯಕ್ಕೆ. ಕೊಳಚೆ ನೀರಿನ ಶುದ್ಧೀಕರಣಕ್ಕೆ ಬೇರೆ ಪಾಲಿರಲಿಲ್ಲ. ಶುದ್ಧೀಕರಿಸದ ಹನಿಯೂ ಹೊರಗೆ ಹೋಗಬಾರದು ಅನ್ನೋ ‘ವಾಟರ್ ಪ್ಲಸ್’ ಮಾನದಂಡ ಬಂದದ್ದು ಆಮೇಲೆ. 2021ರಲ್ಲಿ ಇಂದೋರ್‌ಗೆ ಅದು ಮೊದಲು ಸಿಕ್ಕಿತು.

ಹಾಗಾಗಿ ಪ್ರಶಸ್ತಿಪತ್ರ ನೋಡೋ ಮುಂಚೆ ಅಂಕಪಟ್ಟಿ ನೋಡಿ. ಆಮೇಲೆ ಶೇರಿ ನಾಲಾ ಕೃಷ್ಣೆಗೆ ಸೇರೋ ಜಾಗದಲ್ಲಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ನೀರಿನ ಮಾದರಿ ತಗೊಂಡು ಬನ್ನಿ. ಮುಂದಿನ ಸೆಮಿನಾರಿಗೆ ಅದೇ ವಿಷಯ.